ಬೋಟಿನ ತಳದಲ್ಲಿ ಜಿಂಕ್ ತುಂಡು ಯಾಕೆ? ಉಪ್ಪುನೀರು, ಉಕ್ಕು ಮತ್ತು ಒಂದು ಜಾಮೀನಿನ ಲೆಕ್ಕ

ಈ ವಾರದ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.

ಕೇಳುಗರೊಬ್ಬರು ಒಂದು ಫೋಟೊ ಕಳಿಸಿದ್ದಾರೆ. ಮಲ್ಪೆಯಲ್ಲಿ ದಡಕ್ಕೆ ಎಳೆದಿಟ್ಟ ಒಂದು ಸ್ಟೀಲ್ ಬೋಟ್. ತಳಕ್ಕೆಲ್ಲ ಹೊಸ ಪೇಂಟ್ ಹೊಡೆದಿದೆ. ಆದರೆ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಮತ್ತು ಚುಕ್ಕಾಣಿಯ ಹತ್ತಿರ, ಸೋಪಿನ ಬಾರ್ ಥರದ ನಾಲ್ಕೈದು ಬೂದು ತುಂಡುಗಳಿವೆ. ಅವಕ್ಕೆ ಮಾತ್ರ ಪೇಂಟ್ ಇಲ್ಲ. "ಪೇಂಟರ್ ಮರೆತುಬಿಟ್ನಾ?" ಅಂತ ಅವರ ಪ್ರಶ್ನೆ.

ಮರೆತಿಲ್ಲ, ಬೇಕಂತಲೇ ಬಿಟ್ಟಿರೋದು. ಅದರ ಮೇಲೆ ಪೇಂಟ್ ಹೊಡೆದಿದ್ರೆ ಆ ತುಂಡಿಗೆ ಕೊಟ್ಟ ದುಡ್ಡು ದಂಡ. ಅದರ ಹೆಸರು ಸ್ಯಾಕ್ರಿಫಿಷಿಯಲ್ ಆನೋಡ್. ಕನ್ನಡದಲ್ಲಿ ಬೇಕಿದ್ರೆ 'ಬಲಿ ಆನೋಡ್' ಅನ್ನಿ. ಬಂದರಿನಲ್ಲಿ ಅಷ್ಟುದ್ದ ಯಾರೂ ಹೇಳಲ್ಲ, 'ಜಿಂಕ್' ಅಂದ್ರೆ ಸಾಕು. ತಾನು ಕರಗಿ ಪಕ್ಕದಲ್ಲಿರೋ ಉಕ್ಕನ್ನ ಉಳಿಸೋದೇ ಅದರ ಕೆಲಸ.

ನಾನು ಓದಿದ್ದು ಬಿಕಾಂ. ಕೆಮಿಸ್ಟ್ರಿ ಜೊತೆಗಿನ ನನ್ನ ಸಂಬಂಧ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಆದರೆ ಇದನ್ನ ಓದ್ತಾ ಓದ್ತಾ ನನಗೆ ಅನಿಸಿದ್ದು, ಇದು ಒಂಥರಾ ಸಾಲ-ಜಾಮೀನಿನ ವ್ಯವಹಾರ ಅಂತ. ಹಾಗೇ ಹೇಳ್ತೀನಿ, ಕೇಳಿ.

ಮೊದಲು ತುಕ್ಕು ಅಂದ್ರೆ ಏನು ಅಂತ ನೋಡೋಣ. ಉಕ್ಕಿನ ತಗಡನ್ನ ಸಮುದ್ರದ ನೀರಲ್ಲಿ ಇಟ್ರೆ ಅದರ ಮೈಯೆಲ್ಲ ಒಂದೇ ಥರ ಇರಲ್ಲ. ಕೆಲವು ಜಾಗದಲ್ಲಿ ಕಬ್ಬಿಣದ ಪರಮಾಣುಗಳು ಎರಡೆರಡು ಎಲೆಕ್ಟ್ರಾನ್ ಬಿಟ್ಟು ನೀರಿಗೆ ಇಳಿದು ಹೋಗ್ತವೆ. ಆ ಜಾಗಕ್ಕೆ ಆನೋಡ್ ಅಂತ ಹೆಸರು. ಬಿಟ್ಟ ಎಲೆಕ್ಟ್ರಾನ್‌ಗಳು ತಗಡಿನ ಒಳಗೇ ಓಡಿ ಇನ್ನೊಂದು ಜಾಗಕ್ಕೆ ಬರ್ತವೆ. ಅದು ಕ್ಯಾಥೋಡ್. ಅಲ್ಲಿ ನೀರಲ್ಲಿ ಕರಗಿರೋ ಆಮ್ಲಜನಕ ಕಾಯ್ತಾ ಕೂತಿರುತ್ತೆ, ವಸೂಲಿಗೆ ಬಂದವನ ಹಾಗೆ. ಎಲೆಕ್ಟ್ರಾನ್ ಕೊಡೋವರೆಗೂ ಅದು ಬಾಗಿಲು ಬಿಟ್ಟು ಕದಲಲ್ಲ. ಕಬ್ಬಿಣ ಕೊಡ್ತಾ ಹೋಗುತ್ತೆ, ಸವೀತಾ ಹೋಗುತ್ತೆ. ನೀರಿಗೆ ಇಳಿದ ಕಬ್ಬಿಣ ಆಮೇಲೆ ಆಮ್ಲಜನಕದ ಜೊತೆ ಸೇರಿ ನಮ್ಮ ಕಣ್ಣಿಗೆ ಕಾಣೋ ಕೆಂಪು ತುಕ್ಕಾಗುತ್ತೆ.

ಈ ವ್ಯವಹಾರ ನಡೀಬೇಕು ಅಂದ್ರೆ ಸರ್ಕೀಟ್ ಪೂರ್ತಿ ಆಗಬೇಕು. ಲೋಹದ ಒಳಗೆ ಎಲೆಕ್ಟ್ರಾನ್ ಓಡಿದಷ್ಟೂ ಹೊರಗೆ ನೀರಿನಲ್ಲಿ ಅಯಾನುಗಳು ಓಡಾಡಬೇಕು. ಸಿಹಿನೀರಲ್ಲಿ ಅದು ಕಷ್ಟ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರೋದರಿಂದ ಅಯಾನುಗಳಿಗೆ ಹೈವೇ ಸಿಕ್ಕಂಗೆ. ಬರಿ ಉಕ್ಕು ಸಮುದ್ರದೊಳಗೆ ಸಾಮಾನ್ಯವಾಗಿ ವರ್ಷಕ್ಕೆ 0.1 ಮಿಲಿಮೀಟರ್ ಆಸುಪಾಸು ಸವೆಯುತ್ತೆ.

"ಅಷ್ಟೇನಾ?" ಅನಿಸುತ್ತಲ್ಲ? 8 ಮಿಲಿಮೀಟರ್ ತಗಡಿಗೆ ಎಂಬತ್ತು ವರ್ಷ ಬಂತು ಅಂತ ಲೆಕ್ಕ ಹಾಕ್ತೀರಿ. ಆದರೆ ಅದು ಸರಾಸರಿ. ನದಿಯ ಸರಾಸರಿ ಆಳ ಮೂರಡಿ ಅಂತ ಇಳಿದವರು ಮುಳುಗಿಹೋಗೋದು ಹೇಗೆ ಅಂತ ಸ್ಟಾಟಿಸ್ಟಿಕ್ಸ್ ಮೇಷ್ಟ್ರು ಹೇಳಿರ್ತಾರಲ್ಲ, ಹಾಗೆ. ತುಕ್ಕು ಎಲ್ಲ ಕಡೆ ಸಮನಾಗಿ ತಿನ್ನಲ್ಲ. ಪೇಂಟ್ ಕಿತ್ತುಹೋದ ಒಂದು ಚೂರು ಜಾಗ, ವೆಲ್ಡಿಂಗ್ ಮಾಡಿದ ಒಂದು ಗೆರೆ, ಅಂಥ ಕಡೆ ಗುಳಿ ಬೀಳಿಸುತ್ತೆ. ಬೋಟಿನ ತಗಡಿನ ಶೇಕಡಾ 99 ಭಾಗ ಗಟ್ಟಿಯಾಗಿದ್ದು ಒಂದೇ ಒಂದು ತೂತು ಬಿದ್ರೂ ನೀರು ಒಳಗೆ ಬರೋದಕ್ಕೆ ಅಷ್ಟು ಸಾಕು. ದಡದಿಂದ ಹತ್ತಾರು ಮೈಲಿ ಆಚೆ, ರಾತ್ರಿ, ಏಳೆಂಟು ಜನ ಒಳಗಿದ್ದಾಗ ಬೀಳೋ ತೂತು ಅದು.

ಅದರಲ್ಲೂ ಬೋಟಿನ ಹಿಂಭಾಗ ಜಾಸ್ತಿ ಅಪಾಯದ ಜಾಗ. ಪ್ರೊಪೆಲ್ಲರ್ ಸಾಮಾನ್ಯವಾಗಿ ಕಂಚಿನದ್ದು, ಅಂದ್ರೆ ತಾಮ್ರದ ಮಿಶ್ರಲೋಹ. ತಾಮ್ರ ಕಬ್ಬಿಣಕ್ಕಿಂತ ಗಟ್ಟಿ ಕುಳ, ಎಲೆಕ್ಟ್ರಾನ್ ಸುಲಭಕ್ಕೆ ಬಿಡಲ್ಲ. ಶಾಫ್ಟ್ ಮೂಲಕ ಉಕ್ಕಿಗೆ ಅಂಟಿಕೊಂಡಿರೋದರಿಂದ ತನ್ನ ಪಾಲಿನ ವಸೂಲಿಯನ್ನೂ ಪಕ್ಕದ ಉಕ್ಕಿನ ಮೇಲೇ ಹಾಕುತ್ತೆ. ಫೋಟೊದಲ್ಲಿ ಆ ತುಂಡುಗಳೆಲ್ಲ ಹಿಂದೇ ಗುಂಪಾಗಿ ಇರೋದು ಇದಕ್ಕೇ.

ಈಗ ಜಾಮೀನುದಾರನ ಪ್ರವೇಶ. ಸತು, ಅಂದ್ರೆ ಜಿಂಕ್, ಕಬ್ಬಿಣಕ್ಕಿಂತ ಧಾರಾಳಿ, ಎಲೆಕ್ಟ್ರಾನನ್ನ ಇನ್ನೂ ಸುಲಭವಾಗಿ ಬಿಟ್ಟುಕೊಡುತ್ತೆ. ಒಂದು ಸತುವಿನ ತುಂಡನ್ನ ಉಕ್ಕಿಗೆ ಲೋಹಕ್ಕೆ ಲೋಹ ತಾಗೋ ಹಾಗೆ ಬೋಲ್ಟ್ ಹಾಕಿ ಅಥವಾ ವೆಲ್ಡ್ ಮಾಡಿ ಕೂರಿಸಿದ್ರೆ, ಆಮ್ಲಜನಕ ವಸೂಲಿಗೆ ಬಂದಾಗಲೆಲ್ಲ ಕಂತು ಕಟ್ಟೋದು ಸತು. ಉಕ್ಕಿನ ಮೈಯೆಲ್ಲ ಕ್ಯಾಥೋಡ್ ಆಗಿಬಿಡುತ್ತೆ, ಅಂದ್ರೆ ಅದು ಎಲೆಕ್ಟ್ರಾನ್ ಕೊಡೋ ಜಾಗದಿಂದ ಪಡೆಯೋ ಜಾಗಕ್ಕೆ ಬಡ್ತಿ ಪಡೆದಂಗೆ. ಆಮ್ಲಜನಕಕ್ಕೆ ಬೇಕಿರೋದು ಎಲೆಕ್ಟ್ರಾನ್. ಅದು ಯಾರ ಜೇಬಿಂದ ಬಂತು ಅನ್ನೋದು ಅದಕ್ಕೆ ಬೇಡ.

ನಿಮ್ಮ ಮನೆಯ ಜಿಂಕ್ ಶೀಟ್, ಜಿಐ ಪೈಪ್, ಜಿಐ ಬಕೆಟ್ ಎಲ್ಲದರಲ್ಲೂ ಇರೋದು ಇದೇ ತಂತ್ರ. ಶೀಟ್ ಮೇಲೆ ಗೀರು ಬಿದ್ದು ಒಳಗಿನ ಕಬ್ಬಿಣ ಕಂಡ್ರೂ ಬೇಗ ತುಕ್ಕು ಹಿಡಿಯಲ್ಲ, ಯಾಕಂದ್ರೆ ಸುತ್ತಲಿನ ಸತು ಅದರ ಪರವಾಗಿ ಕಟ್ತಾ ಇರುತ್ತೆ. ಬರಿ ಪೇಂಟಿಗೆ ಆ ಗುಣ ಇಲ್ಲ.

ಇದರ ಇತಿಹಾಸ ಕೇಳಿದ್ರೆ ಸ್ವಲ್ಪ ತಮಾಷೆ ಇದೆ. ಇನ್ನೂರು ವರ್ಷದ ಹಿಂದೆ ಬ್ರಿಟನ್ನಿನ ಯುದ್ಧ ಹಡಗುಗಳು ಮರದವು. ಮರವನ್ನ ಕೊರೆಯೋ ಹುಳ ತಿನ್ನಬಾರದು, ಚಿಪ್ಪುಜೀವಿಗಳು ಅಂಟಬಾರದು ಅಂತ ತಳಕ್ಕೆ ತಾಮ್ರದ ತಗಡು ಹೊಡೀತಿದ್ರು. ಸಮುದ್ರದ ನೀರಿಗೆ ತಾಮ್ರವೂ ಸವೀತಿತ್ತು. ಖರ್ಚು ಜಾಸ್ತಿ ಆಗಿ ನೌಕಾಪಡೆಯವರು ರಾಯಲ್ ಸೊಸೈಟಿಯ ಹತ್ತಿರ ಉಪಾಯ ಕೇಳಿದ್ರು. ಆಗ ಅದರ ಅಧ್ಯಕ್ಷ ಹಂಫ್ರಿ ಡೇವಿ. ಗಣಿಗಾರರ ಸುರಕ್ಷಾ ದೀಪ ಅಂತ ಸ್ಕೂಲಲ್ಲಿ ಓದಿದ್ದು ನೆನಪಿದೆಯಾ? ಅದೇ ಡೇವಿ. 1824ರಲ್ಲಿ ಆತ ಹೇಳಿದ್ದು: ತಾಮ್ರಕ್ಕೆ ಸತು ಅಥವಾ ಕಬ್ಬಿಣದ ಸಣ್ಣ ತುಂಡು ತಾಗಿಸಿ, ತುಂಡು ಸವೆಯುತ್ತೆ, ತಾಮ್ರ ಉಳಿಯುತ್ತೆ. ತಾಮ್ರದ ವಿಸ್ತಾರದ 150ರಲ್ಲಿ ಒಂದು ಭಾಗದಷ್ಟು ಇದ್ದರೂ ಕೆಲಸ ಆಗ್ತಿತ್ತು. ಇಲ್ಲಿ ಒಂದು ವಿಷಯ ಗಮನಿಸಿ. ಇವತ್ತು ನಾವು ಉಳಿಸೋಕೆ ಒದ್ದಾಡೋ ಕಬ್ಬಿಣ, ಅಲ್ಲಿ ತಾಮ್ರಕ್ಕೋಸ್ಕರ ಬಲಿ ಹೋಗೋ ಸ್ಥಾನದಲ್ಲಿತ್ತು. ಪಕ್ಕದಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ಪಾತ್ರ ಬದಲಾಗುತ್ತೆ.

ಪ್ರಯೋಗಕ್ಕೆ ಆರಿಸಿದ ಹಡಗುಗಳಲ್ಲಿ ಒಂದರ ಹೆಸರು 'ಸಮರಂಗ್'. ಅದನ್ನ ಕಟ್ಟಿದ್ದು ಎಲ್ಲಿ ಅಂತೀರಿ? ನಮ್ಮ ಪಕ್ಕದ ಕೊಚ್ಚಿಯಲ್ಲಿ. ಅದು ಅಟ್ಲಾಂಟಿಕ್ ದಾಟಿ ಕೆನಡಾದ ನೋವಾಸ್ಕೋಷಿಯಾ ಕಡೆಗೆ ಹೋಗಿ ವಾಪಸ್ ಬಂದಾಗ ತಾಮ್ರ ಚೆನ್ನಾಗೇ ಇತ್ತು. ಡೇವಿ ಹೇಳಿದ್ದು ನಿಜವಾಯ್ತು. ಆದರೆ ಈ ರಕ್ಷಣೆ ಹಾಕಿಸಿಕೊಂಡ ಹಡಗುಗಳ ತಳದಲ್ಲಿ ಚಿಪ್ಪು, ಪಾಚಿ ಮೆತ್ತಿಕೊಂಡು ವೇಗ ಬಿದ್ದುಹೋಗ್ತಿತ್ತು. ಯಾಕಂದ್ರೆ ತಾಮ್ರ ಸ್ವಲ್ಪ ಸ್ವಲ್ಪ ಕರಗ್ತಾ ಇದ್ದಿದ್ದರಿಂದಲೇ ಆ ಜೀವಿಗಳಿಗೆ ವಿಷ ತಾಗ್ತಿತ್ತು, ಅಂಟ್ತಿರಲಿಲ್ಲ. ಕರಗೋದು ನಿಂತ ಮೇಲೆ ವಿಷವೂ ನಿಂತಿತು. ಕೆಲವೇ ವರ್ಷದಲ್ಲಿ ನೌಕಾಪಡೆ ಇದನ್ನ ಕೈಬಿಟ್ಟಿತು. 1829ರಲ್ಲಿ ಡೇವಿ ತೀರಿಕೊಂಡರು. ಮರದ ಹಡಗು ಹೋಗಿ ಕಬ್ಬಿಣದ ಹಡಗು ಬಂದ ಮೇಲೆ ಅದೇ ಉಪಾಯಕ್ಕೆ ಮತ್ತೆ ಬೆಲೆ ಬಂತು. ಈಗ ಚಿಪ್ಪು ಅಂಟದ ಹಾಗೆ ನೋಡಿಕೊಳ್ಳೋ ಕೆಲಸ ಪೇಂಟಿನದು, ತುಕ್ಕಿನ ಕೆಲಸ ಆನೋಡಿನದು.

ಸರಿ, ನನ್ನ ಇಷ್ಟದ ಭಾಗಕ್ಕೆ ಬರೋಣ, ಲೆಕ್ಕ. ನೀರೊಳಗೆ 100 ಚದರ ಮೀಟರ್ ಬರಿ ಉಕ್ಕು ಇದೆ ಅಂತಿಟ್ಟುಕೊಳ್ಳಿ. ಒಂದು ಜೆಟ್ಟಿಯ ಕಂಬಗಳು ಅಂದ್ಕೊಳ್ಳಿ, ಪೇಂಟ್ ಇಲ್ಲ. ನಮ್ಮಂಥ ಬೆಚ್ಚಗಿನ ಸಮುದ್ರದಲ್ಲಿ, ಆಳ ಕಮ್ಮಿ ಇರೋ ಕಡೆ, ಸರಾಸರಿ ಚದರ ಮೀಟರಿಗೆ 70 ಮಿಲಿಆಂಪ್ ಕರೆಂಟ್ ಬೇಕು ಅಂತ ಎಂಜಿನಿಯರುಗಳು ಲೆಕ್ಕ ಹಿಡೀತಾರೆ. ಅಂದ್ರೆ ಒಟ್ಟು 7 ಆಂಪ್, ವರ್ಷದ 8,760 ಗಂಟೆಯೂ ಬಿಡದೆ. ಗುಣಿಸಿದ್ರೆ 61,320 ಆಂಪ್-ಗಂಟೆ. ನಿಮ್ಮ ಮೊಬೈಲ್ ಬ್ಯಾಟರಿ 5,000 ಎಂಎಎಚ್ ಅಂತ ಬರೆದಿರುತ್ತಲ್ಲ, ಅಂದ್ರೆ 5 ಆಂಪ್-ಗಂಟೆ. ಅಂಥ ಹನ್ನೆರಡು ಸಾವಿರಕ್ಕೂ ಹೆಚ್ಚು ಬ್ಯಾಟರಿಯಷ್ಟು ಚಾರ್ಜ್, ವರ್ಷಕ್ಕೆ.

ಒಂದು ಕಿಲೊ ಸತು ಕೊಡೋದು ಸುಮಾರು 780 ಆಂಪ್-ಗಂಟೆ. ಆದ್ದರಿಂದ ವರ್ಷಕ್ಕೆ ಹತ್ತಿರ ಹತ್ತಿರ 79 ಕಿಲೊ ಸತು ಬೇಕು. ಅದೇ ಆನೋಡಿಗೆ ಅಂತ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ ಕಿಲೊಗೆ 2,500ರವರೆಗೂ ಕೊಡುತ್ತೆ, ಹಾಗಾಗಿ 25 ಕಿಲೊ ಸಾಕು. ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ನಿಜವಾದ ಡಿಸೈನಲ್ಲಿ ಇನ್ನಷ್ಟು ಸೇರಿಸ್ತಾರೆ, ಯಾಕಂದ್ರೆ ಆನೋಡ್ ಕೊನೆಯ ಚೂರಿನವರೆಗೂ ಕೆಲಸ ಮಾಡಲ್ಲ, ಒಳಗಿನ ಕಬ್ಬಿಣದ ಪಟ್ಟಿ ಕಾಣೋ ಹೊತ್ತಿಗೆ ಅದರ ಆಯುಷ್ಯ ಮುಗಿದಂಗೆ. 1974ರಲ್ಲಿ 'ಸಾಗರ್ ಸಮ್ರಾಟ್' ತೈಲ ಕಂಡುಹಿಡಿದ ಬಾಂಬೆ ಹೈ ಇದೆಯಲ್ಲ, ಅಂಥ ಕಡೆ ನೀರೊಳಗೆ ನಿಂತಿರೋ ಪ್ಲಾಟ್‌ಫಾರ್ಮ್ ಕಾಲುಗಳನ್ನ ಎತ್ತಿ ಮತ್ತೆ ಪೇಂಟ್ ಮಾಡೋಕಾಗುತ್ತಾ? ಅದಕ್ಕೇ ತೈಲ ಪ್ಲಾಟ್‌ಫಾರ್ಮ್‌ಗಳಿಗೆ ಇಪ್ಪತ್ತು, ಮೂವತ್ತು ವರ್ಷಕ್ಕಾಗುವಷ್ಟು ಅಲ್ಯೂಮಿನಿಯಂ ಆನೋಡನ್ನ ಮೊದಲೇ ಕಟ್ಟಿ ಸಮುದ್ರಕ್ಕೆ ಇಳಿಸ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೂವತ್ತು ವರ್ಷದ ಕಂತು ಅಡ್ವಾನ್ಸ್.

ಇಲ್ಲಿ ಸಮುದ್ರ ಒಂದು ಸಹಾಯ ಮಾಡುತ್ತೆ, ನನಗೆ ಇದು ಬಹಳ ಇಷ್ಟವಾಯ್ತು. ಆನೋಡ್ ಹಾಕಿದ ಶುರುವಿಗೆ ಕರೆಂಟ್ ಜಾಸ್ತಿ ಬೇಕು, ಚದರ ಮೀಟರಿಗೆ 150 ಮಿಲಿಆಂಪ್ ಅಂತ ಹಿಡೀತಾರೆ. ಆಮೇಲೆ ಅದು ಅರ್ಧಕ್ಕಿಂತ ಕೆಳಗೆ ಬರುತ್ತೆ. ಕಾರಣ, ಆಮ್ಲಜನಕ ಎಲೆಕ್ಟ್ರಾನ್ ತಗೊಂಡಾಗ ಉಕ್ಕಿನ ಮೈಗೆ ಅಂಟಿದ ನೀರು ಕ್ಷಾರ ಆಗುತ್ತೆ. ಆಗ ಸಮುದ್ರದ ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೆಳ್ಳಗೆ ಸುಣ್ಣದ ಥರ ಉಕ್ಕಿನ ಮೇಲೆ ಕೂರ್ತವೆ. ಬೋರ್‌ವೆಲ್ ನೀರಿನ ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಆ ಪದರ ಆಮ್ಲಜನಕಕ್ಕೆ ಅಡ್ಡ. ಪುಕ್ಕಟೆ ಸುಣ್ಣ ಬಳಿದಂಗೆ!

ಹಾಗಾದ್ರೆ ಅಡುಗೆ ಮನೆಯ ಅಲ್ಯೂಮಿನಿಯಂ ಪಾತ್ರೆ ಕರಗಿಸಿ ಆನೋಡ್ ಮಾಡಬಹುದಾ? ಆಗಲ್ಲ. ಮಾಮೂಲಿ ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಒಂದು ತೆಳು ಆಕ್ಸೈಡ್ ಪೊರೆ ಹೊದ್ದು ಮಲಗಿಬಿಡುತ್ತೆ. ಅದನ್ನ ಎಬ್ಬಿಸೋಕೆ ಸ್ವಲ್ಪ ಸತು, ಜೊತೆಗೆ ಚಿಟಿಕೆ ಇಂಡಿಯಂ ಅನ್ನೋ ಲೋಹ ಸೇರಿಸ್ತಾರೆ. ಚಿಟಿಕೆ ಅಂದ್ರೆ ನಿಜಕ್ಕೂ ಚಿಟಿಕೆ, ಶೇಕಡಾ 0.02ರ ಆಸುಪಾಸು. ಹಿಂದೆ ಪಾದರಸ ಸೇರಿಸೋ ಆನೋಡುಗಳೂ ಇದ್ವು, ಸಮುದ್ರಕ್ಕೆ ವಿಷ ಅಂತ ಬಿಟ್ಟರು. ಸತುವಿನ ಕತೆ ಉಲ್ಟಾ. ಅದರಲ್ಲಿ ಏನಿರಬಾರದು ಅನ್ನೋದು ಮುಖ್ಯ. ಶುದ್ಧ ಸತುವಿನ ಆನೋಡಿನಲ್ಲಿ ಕಬ್ಬಿಣದ ಅಂಶ ಶೇಕಡಾ 0.005 ದಾಟಬಾರದು. ದಾಟಿದ್ರೆ ಮೇಲೆ ಗಟ್ಟಿ ಪೊರೆ ಕಟ್ಟಿ ಕೆಲಸ ನಿಲ್ಲಿಸಿಬಿಡುತ್ತೆ. ಹಾಗಾಗಿ ಗುಜರಿ ಸತು ಕರಗಿಸಿ ಎರಕ ಹೊಯ್ದ ಅಗ್ಗದ ತುಂಡು ನೋಡೋಕೆ ಡಿಟ್ಟೋ ಅದೇ ಥರ ಇದ್ದರೂ ಜಾಮೀನು ಹಾಕಿ ಊರು ಬಿಟ್ಟವನ ಕತೆ ಆಗಬಹುದು. ಕೊಳ್ಳೋವಾಗ ಯಾವ ಲೋಹ ಎಷ್ಟಿದೆ ಅನ್ನೋ ಟೆಸ್ಟ್ ಸರ್ಟಿಫಿಕೇಟ್ ಕೇಳಿ.

ಮಲ್ಪೆಯಲ್ಲಿ ಬೋಟ್ ಇರೋ ಒಬ್ಬರ ಜೊತೆ ಫೋನಲ್ಲಿ ಮಾತಾಡಿದೆ. "ಅಣ್ಣ, ವರ್ಷಕ್ಕೊಂದ್ಸಲ ಜಿಂಕ್ ಎಲ್ಲಾ ತಿಂದು ಹೋಗಿರುತ್ತಲ್ಲ, ಬೇಜಾರಾಗಲ್ವಾ, ದುಡ್ಡು ಹಾಳು ಅಂತ?" ಅಂದೆ. ಅವರು ನಕ್ಕರು. "ತಿಂದು ಹೋದ್ರೆ ಒಳ್ಳೇದು ಮಾರಾಯ್ರೆ. ಹಾಕಿದ ಹಾಗೇ ಹೊಸದಾಗಿ ಉಳಿದ್ರೆ ನನಗೆ ಹೆದ್ರಿಕೆ" ಅಂದರು.

ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಸವೆಯದ ಆನೋಡ್ ಅಂದ್ರೆ ಕೆಲಸ ಮಾಡದ ಆನೋಡ್. ಹಾಗಾಗೋಕೆ ಕಾರಣಗಳು ಸಣ್ಣ ಸಣ್ಣವು. ಯಾರೋ ಹುಮ್ಮಸ್ಸಿನಲ್ಲಿ ಅದರ ಮೇಲೂ ಪೇಂಟ್ ಹೊಡೆದಿರ್ತಾರೆ. ಅಥವಾ ಬೋಲ್ಟ್ ಹಾಕೋ ಜಾಗದ ಪೇಂಟ್ ಕೆರೆಯದೆ ಹಾಗೇ ಕೂರಿಸಿರ್ತಾರೆ, ಆಗ ಲೋಹಕ್ಕೆ ಲೋಹ ತಾಗಲ್ಲ, ಎಲೆಕ್ಟ್ರಾನಿಗೆ ದಾರಿ ಇಲ್ಲ. ಅಥವಾ ಬೋಲ್ಟ್ ಸಡಿಲ ಆಗಿರುತ್ತೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಬೋಟ್ ಮೇಲೆಳೆದು ಇದನ್ನೆಲ್ಲ ನೋಡೋಕೆ ಅನುಕೂಲದ ಸಮಯ ಅದು. ಆಗ ತಪ್ಪಿದ್ರೆ ಬೋಟ್ ಮತ್ತೆ ನೀರಿಂದ ಮೇಲೆ ಬರೋವರೆಗೂ ತಳ ಯಾರ ಕಣ್ಣಿಗೂ ಬೀಳಲ್ಲ.

ನೀರು ಯಾವುದು ಅನ್ನೋದೂ ಮುಖ್ಯ. ಮಂಗಳೂರಿನ ಹಳೇ ಬಂದರು ಇರೋದು ನೇತ್ರಾವತಿ, ಫಲ್ಗುಣಿ ಎರಡೂ ಸಮುದ್ರ ಸೇರೋ ಅಳಿವೆಯಲ್ಲಿ. ಬೇಸಿಗೆಯಲ್ಲಿ ಅಲ್ಲಿ ಉಪ್ಪುನೀರು, ಮಳೆಗಾಲದಲ್ಲಿ ಘಟ್ಟದಿಂದ ಬರೋ ಸಿಹಿನೀರು. ಸಿಹಿನೀರಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಮಂಕಾಗುತ್ತೆ. ಹಾಗೆ ಉಪ್ಪು-ಸಿಹಿ ಬೆರೆಯೋ ಕಡೆ ಅಲ್ಯೂಮಿನಿಯಂ ಆನೋಡ್ ವಾಸಿ. ಪೂರ್ತಿ ಸಿಹಿನೀರಿಗೆ ಮೆಗ್ನೀಸಿಯಂ. ಅದೇ ಮೆಗ್ನೀಸಿಯಂ ಸಮುದ್ರಕ್ಕೆ ಹಾಕಿದ್ರೆ ವಿಪರೀತ ಧಾರಾಳಿಯಾಗಿ ಬೇಗ ಖಾಲಿ ಆಗುತ್ತೆ.

ಕಣ್ಣಿಗೆ ಕಾಣದ್ದನ್ನ ಅಳೆಯೋಕೆ ಒಂದು ಸುಲಭ ದಾರಿ ಇದೆ, ವೋಲ್ಟೇಜ್. ಬೆಳ್ಳಿಯ ಒಂದು ರೆಫರೆನ್ಸ್ ಎಲೆಕ್ಟ್ರೋಡನ್ನ ನೀರಿಗೆ ಇಳಿಸಿ ಮಲ್ಟಿಮೀಟರಿನ ಇನ್ನೊಂದು ತುದಿಯನ್ನ ಬೋಟಿನ ಉಕ್ಕಿಗೆ ತಾಗಿಸ್ತಾರೆ. ರಕ್ಷಣೆ ಇಲ್ಲದ ಉಕ್ಕು ಮೈನಸ್ 0.6 ವೋಲ್ಟ್ ಆಸುಪಾಸು ತೋರಿಸುತ್ತೆ. ಮೈನಸ್ 0.80 ಅಥವಾ ಅದಕ್ಕಿಂತ ಕೆಳಗೆ ಹೋಗಿದ್ರೆ ಉಕ್ಕು ಕ್ಷೇಮ. ಸತು ತಾನು ಇರೋದು ಮೈನಸ್ 1.03ರ ಹತ್ತಿರ.

ಹಾಗಂತ ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಂದ್ಕೋಬೇಡಿ. ಮೈನಸ್ 1.1 ದಾಟಿ ಕೆಳಗೆ ಹೋದ್ರೆ ಉಕ್ಕಿನ ಮೇಲೆ ಹೈಡ್ರೋಜನ್ ಹುಟ್ಟೋಕೆ ಶುರುವಾಗುತ್ತೆ. ಪೇಂಟ್ ಎದ್ದುಬರಬಹುದು. ಬಹಳ ಗಟ್ಟಿ ದರ್ಜೆಯ ಉಕ್ಕಿಗಂತೂ ಹೈಡ್ರೋಜನ್ ಒಳಗೆ ಹೊಕ್ಕು ಅದು ಬಿರುಕು ಬಿಡೋ ಅಪಾಯ ಇದೆ. ಕರೆಂಟ್ ಹೆಚ್ಚುಕಮ್ಮಿ ಮಾಡೋ ಸೌಲಭ್ಯ ಬೇಕು ಅಂದ್ರೆ ಹೊರಗಿನಿಂದ ಡಿಸಿ ಕರೆಂಟ್ ಕೊಡೋ ಇನ್ನೊಂದು ವಿಧಾನವೂ ಇದೆ, ದೊಡ್ಡ ಹಡಗುಗಳಲ್ಲಿ ಬಳಸ್ತಾರೆ. ಕರೆಂಟ್ ಹೋದ್ರೆ ರಕ್ಷಣೆಯೂ ಹೋಯ್ತು, ತಂತಿ ಉಲ್ಟಾ ಕೊಟ್ರೆ ಹಡಗೇ ಆನೋಡ್! ಜಿಂಕ್ ತುಂಡಿಗೆ ಪ್ಲಗ್ಗೂ ಬೇಡ, ಆಪರೇಟರೂ ಬೇಡ.

ಆನೋಡಿನ ಕೈಲಾಗದ ಜಾಗ ಒಂದಿದೆ, ಅದು ನೀರಿನ ಮೇಲೆ. ಅಲೆ ಬಡಿದು ಹೋಗೋ, ಒಮ್ಮೆ ಒದ್ದೆ ಒಮ್ಮೆ ಒಣಗೋ ಭಾಗ ಇದೆಯಲ್ಲ, ಅಲ್ಲಿ ಆಮ್ಲಜನಕ ಧಾರಾಳ, ಉಪ್ಪೂ ಧಾರಾಳ. ಆದರೆ ಆನೋಡಿನಿಂದ ಅಲ್ಲಿಗೆ ಕರೆಂಟ್ ಹೋಗೋಕೆ ನೀರಿನ ಸಂಪರ್ಕ ಇರಲ್ಲ. ತುಕ್ಕು ಅತಿ ಜೋರಾಗಿ ತಿನ್ನೋದೂ ಅಲ್ಲೇ, ನೀರೊಳಗಿನದರ ಮೂರು ಪಟ್ಟು ಅಥವಾ ಇನ್ನೂ ಜಾಸ್ತಿ. ರಾಮೇಶ್ವರಕ್ಕೆ ಹೋದವರು ಪಾಂಬನ್ ಸೇತುವೆ ನೋಡಿರ್ತೀರಿ. 1914ರ ಹಳೇ ಸೇತುವೆಯ ಉಕ್ಕಿನ ಗರ್ಡರುಗಳು ಉಪ್ಪುಗಾಳಿಗೆ ನಿಂತೇ ಶತಮಾನ ಕಳೆದವು, ಅದಕ್ಕೆ ಪೇಂಟ್, ರಿಪೇರಿ ಯಾವತ್ತೂ ಮುಗಿಯದ ಕೆಲಸ ಆಗಿತ್ತು. 2025ರ ಏಪ್ರಿಲಲ್ಲಿ ಉದ್ಘಾಟನೆ ಆದ ಹೊಸ ಸೇತುವೆಗೆ ಸ್ಟೇನ್‌ಲೆಸ್ ಸ್ಟೀಲ್ ಸರಳು, ವಿಶೇಷ ಪಾಲಿಸಿಲಾಕ್ಸೇನ್ ಪೇಂಟ್ ಬಳಸಿದ್ದಾರೆ. ಗಾಳಿಯಲ್ಲಿರೋ ಗರ್ಡರಿಗೆ ಆನೋಡ್ ತುಂಡು ಎಷ್ಟು ಕಟ್ಟಿದ್ರೂ ಉಪಯೋಗ ಇಲ್ಲ.

ಇನ್ನೊಂದು ಪ್ರಶ್ನೆ ಕಾಮೆಂಟಲ್ಲಿ ಬರೋದು ಖಂಡಿತ, ಅದಕ್ಕೆ ಈಗಲೇ ಹೇಳ್ತೀನಿ: ಕರಗಿದ ಸತು ಎಲ್ಲಿಗೆ ಹೋಗುತ್ತೆ? ಸಮುದ್ರಕ್ಕೇ. ತೆರೆದ ಕಡಲಲ್ಲಿ ಅದು ಬೇಗ ಹರಡಿಹೋಗುತ್ತೆ. ನೀರು ಹೆಚ್ಚು ಓಡಾಡದ, ಬೋಟ್ ತುಂಬಿದ ಸಣ್ಣ ಬಂದರಿನಲ್ಲಿ ಅದು ಯೋಚಿಸಬೇಕಾದ ವಿಷಯ, ಯಾಕಂದ್ರೆ ಸತುವಿನ ಆನೋಡಲ್ಲಿ ಸ್ವಲ್ಪ ಕ್ಯಾಡ್ಮಿಯಂ ಕೂಡ ಇರುತ್ತೆ. ಅಲ್ಯೂಮಿನಿಯಂ ಕಡೆ ವಾಲೋಕೆ ತೂಕದ ಲೆಕ್ಕದ ಜೊತೆ ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಬೋಟ್ ಇಲ್ಲದವರಿಗೆ ಒಂದು ಮಾತು. ನಿಮ್ಮ ಮನೆಯ ಸ್ಟೋರೇಜ್ ಗೀಸರಿನ ಟ್ಯಾಂಕಿನೊಳಗೆ ಒಂದು ಮೆಗ್ನೀಸಿಯಂ ಕಡ್ಡಿ ಇರಬಹುದು. ಗ್ಲಾಸ್ ಲೈನಿಂಗ್ ಇರೋ ಟ್ಯಾಂಕಾದ್ರೆ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಸರ್ವಿಸ್ ಹುಡುಗ ಬಂದು "ಆನೋಡ್ ರಾಡ್ ಹೋಗಿದೆ ಸಾರ್, ಚೇಂಜ್ ಮಾಡಬೇಕು" ಅಂದ್ರೆ ಕೂಡಲೇ ಮೋಸ ಅಂದ್ಕೋಬೇಡಿ. ಹಳೇ ಕಡ್ಡಿ ತೆಗೆದು ತೋರಿಸೋಕೆ ಹೇಳಿ. ಒಳಗಿನ ಉಕ್ಕಿನ ತಂತಿ ಕಾಣೋ ಹಾಗೆ ಸವೆದಿದ್ರೆ ಅವನು ಹೇಳ್ತಿರೋದು ನಿಜ, ಬದಲಾಯಿಸಿ. ಕಡ್ಡಿ ಇನ್ನೂ ದಪ್ಪಗಿದ್ರೆ ಮೇಲಿನ ಬಿಳಿ ಪುಡಿ ಕೆರೆದು ವಾಪಸ್ ಹಾಕಿಸಿ. ಬೋರ್‌ವೆಲ್ ನೀರಿದ್ರೆ ವರ್ಷಕ್ಕೊಂದು ಸಲ ನೋಡಿಸೋದು ವಾಸಿ.

ಬಂದರು, ಜೆಟ್ಟಿ, ದೋಣಿ ಕೆಲಸದವರು ಯಾರಾದ್ರೂ ಕೇಳ್ತಿದ್ರೆ ನಿಮ್ಮ ಕಡೆ ಜಿಂಕ್ ಎಷ್ಟು ತಿಂಗಳು ಬಾಳಿಕೆ ಬರುತ್ತೆ ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.